ಬೇರೆ ನಾಯಿ ಕಂಡರೆ ಬೊಳ್ಳಿಗೆ ಮೈಮೇಲೆ ಬಂದ ಹಾಗೆ ಆಗುತ್ತದೆ, ವಾಕಿಂಗ್ ಹೇಗೆ ಮಾಡಿಸುವುದು?

ಬಿಜೈ ಓಣಿ | ಜುಲೈ 9

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೇನೆ, ಬೇರೆ ಕೆಲಸ ಇಲ್ಲ.

ನಮ್ಮ ಬೊಳ್ಳಿಗೆ ಸುಮಾರು ಮೂರು ವರ್ಷ. ಹೆಸರು ಬೊಳ್ಳಿ, ತುಳುವಿನಲ್ಲಿ ಬೆಳ್ಳಿ ಎಂದು. ಬಣ್ಣ ಮಾತ್ರ ಕೆಂಪು ಮುರಕಲ್ಲಿನದ್ದು. ಹೆಸರಿಟ್ಟದ್ದು ನಮ್ಮ ಅತ್ತೆ. ಅವರ ಕಾಲದ ನಾಯಿಗಳೆಲ್ಲ ಒಂದೋ ಬೊಳ್ಳಿ, ಇಲ್ಲವೇ ಕಾಳು. ಕಟ್ಟಡ ಕೆಲಸದ ಜಾಗವೊಂದರಲ್ಲಿ ಇವಳನ್ನು ಕಬ್ಬಿಣದ ಸರಳಿಗೆ ಕಟ್ಟಿ ಹಾಕಿದ್ದರು. ಕೆಲಸ ಮುಗಿಯಿತು, ಜನ ಹೋದರು, ಇವಳು ಅಲ್ಲೇ ಉಳಿದಳು. ಸುತ್ತಲಿನ ನಾಯಿಗಳು ಕಚ್ಚಿ ಹಿಂಗಾಲು ಹುಣ್ಣಾಗಿತ್ತು. ನಾವು ತಂದು ಎಂಟು ತಿಂಗಳು. ಆಪರೇಶನ್, ಇಂಜೆಕ್ಷನ್ ಎಲ್ಲ ಆಗಿದೆ.

ಮನೆಯೊಳಗೆ ಇವಳಷ್ಟು ಪಾಪದವಳು ಇಲ್ಲ. ಗೇಟು ದಾಟಿದರೆ ಕಥೆ ಬೇರೆ. ನಮ್ಮ ಓಣಿ ಹತ್ತು ಅಡಿ ಅಗಲ. ಎರಡೂ ಕಡೆ ಮುರಕಲ್ಲಿನ ಕಾಂಪೌಂಡು, ಫುಟ್‌ಪಾತ್ ಎನ್ನುವುದು ಇಲ್ಲವೇ ಇಲ್ಲ. ಎರಡು ಮನೆಗೊಂದು ನಾಯಿ, ತಿರುವಿನ ಟ್ರಾನ್ಸ್‌ಫಾರ್ಮರ್ ಕೆಳಗೆ ಮೂರು ಬೀದಿ ನಾಯಿ. ಯಾವುದು ಕಂಡರೂ ಇವಳು ಹಿಂಗಾಲಿನಲ್ಲಿ ಎದ್ದು ನಿಂತು, ಉಸಿರು ಕಟ್ಟುವ ತನಕ ಬೊಗಳುತ್ತಾಳೆ. ಇಡೀ ಓಣಿ ಕಿಟಕಿಗೆ ಬರುತ್ತದೆ.

ಮೊನ್ನೆ ಮಳೆಯಲ್ಲಿ ಎದುರುಮನೆಯ ಪೊಮೇರಿಯನ್ ಗೇಟಿನಡಿಯಿಂದ ಮೂತಿ ತೂರಿಸಿತು. ಬೊಳ್ಳಿ ಎಳೆದಳು, ನನ್ನ ಕಾಲಡಿ ಪಾಚಿ. ಕೊಡೆ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ, ನಾನು ಚರಂಡಿಯಲ್ಲಿ. ಪಕ್ಕದ ಮನೆಯ ಬಾಯಮ್ಮ ಬಂದು ಎತ್ತಿದರು. "ಎರಡು ಬಾರಿಸಿ, ಸರಿಯಾಗ್ತದೆ" ಎಂದು ಬುದ್ಧಿಯನ್ನೂ ಹೇಳಿದರು.

ಮೊದಲು ಒಬ್ಬರು ಟ್ರೈನರ್ ಬಂದು ಚೋಕ್ ಚೈನ್, ಅಂದರೆ ಜಗ್ಗಿದರೆ ಕುತ್ತಿಗೆ ಬಿಗಿಯುವ ಸರಪಳಿ, ಹಾಕಿಸಿದ್ದರು. ಬೊಗಳಿದರೆ ಜಗ್ಗಿ ಅಂದರು. ಮೂರು ವಾರ ಜಗ್ಗಿದೆ. ಆಗ ನಾಯಿ ಕಂಡರೆ ಮಾತ್ರ ಬೊಗಳುತ್ತಿದ್ದಳು, ಈಗ ಖಾಲಿ ಗೇಟು ಕಂಡರೂ ಬೊಗಳುತ್ತಾಳೆ. ಇಂಥ ನಾಯಿ ಸಾಕಿದವರು ಯಾರಾದರೂ ಇದ್ದೀರಾ?

ಎರಡು ನಾಯಿ ಒಂದು ಬೆಕ್ಕು | ಜುಲೈ 9

ಇದ್ದೇನೆ ಅಕ್ಕ. ಕಾಲು ಹೇಗುಂಟು ಈಗ?

ಮೊದಲ ಕೆಲಸ, ಆ ಚೋಕ್ ಚೈನ್ ತೆಗೆದು ಅಟ್ಟಕ್ಕೆ ಹಾಕಿ. ಬೊಳ್ಳಿಯ ಲೆಕ್ಕ ಏನು ನೋಡಿ. ದೂರದಲ್ಲಿ ಒಂದು ನಾಯಿ ಕಂಡಿತು, ಅದೇ ಹೊತ್ತಿಗೆ ಕುತ್ತಿಗೆ ಕೊಯ್ದ ಹಾಗಾಯಿತು. ನೀವು ಜಗ್ಗಿದ್ದು ಎಂದು ಅವಳಿಗೆ ಗೊತ್ತಿಲ್ಲ. ನಾಯಿ ಕಂಡರೆ ನೋವು ಬರುತ್ತದೆ, ಅಷ್ಟೇ ಗೊತ್ತು. ಆಮೇಲೆ ಗೇಟು ಕಂಡರೆ ನಾಯಿ ಬರುತ್ತದೆ, ನಾಯಿ ಬಂದರೆ ನೋವು. ಖಾಲಿ ಗೇಟಿಗೆ ಬೊಗಳುವುದು ಅದಕ್ಕೇ. ಎದೆಯ ಮೇಲೆ ಕೂರುವ, ಮುಂದೆಯೂ ಒಂದು ಕೊಂಡಿ ಇರುವ ಹಾರ್ನೆಸ್ ತೆಗೆದುಕೊಳ್ಳಿ. ಕಂಕುಳ ಉಜ್ಜಬಾರದು.

ಎರಡನೆಯದು, ನಿಮಗೆ ಬೇಕಾದ್ದು ಟ್ರೈನರ್ ಅಲ್ಲ, ದೂರ. ಹತ್ತು ಅಡಿ ಓಣಿಯಲ್ಲಿ ಯಾವ ಹೆದರಿದ ನಾಯಿಯೂ ಕಲಿಯುವುದಿಲ್ಲ. ಎಷ್ಟು ದೂರ ಬೇಕು ಎಂದು ಅವಳ ಬಾಯಿಯೇ ಹೇಳುತ್ತದೆ. ಬೇಯಿಸಿದ ಬಂಗುಡೆಯ ಮುಳ್ಳು ತೆಗೆದು ಬಟಾಣಿ ಗಾತ್ರದ ಚೂರು ಮಾಡಿ ಇಟ್ಟುಕೊಳ್ಳಿ. ನಾಯಿ ಕಂಡ ಕೂಡಲೇ ಒಂದು ಚೂರು ಕೊಡಿ. ಮೆಲ್ಲಗೆ ತುಟಿಯಲ್ಲಿ ತೆಗೆದುಕೊಂಡರೆ ದೂರ ಸರಿಯಾಗಿದೆ. ನಿಮ್ಮ ಬೆರಳಿಗೆ ಹಲ್ಲು ತಾಗುವ ಹಾಗೆ ಕಿತ್ತುಕೊಂಡರೆ ಹತ್ತಿರವಾಯಿತು, ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಮೀನು ಮೂಗಿಗೆ ಹಿಡಿದರೂ ಕಾಣದ ಹಾಗೆ ನಿಂತಿದ್ದರೆ ಅವತ್ತಿನ ಪಾಠ ಮುಗಿಯಿತು, ಸುಮ್ನೆ ಮನೆಗೆ ನಡೆಯಿರಿ.

ನನ್ನ ದೊಡ್ಡವನಿಗೆ ಶುರುವಿನಲ್ಲಿ ಬೇಕಾದ ದೂರ ನೂರು ಅಡಿ. ಈಗ ರಸ್ತೆಯ ಆಚೆ ಬದಿ ಸಾಕು. ಅಷ್ಟಕ್ಕೆ ಒಂದೂವರೆ ವರ್ಷ ಹಿಡಿಯಿತು. ಹೆದರಿಸಲಿಕ್ಕೆ ಹೇಳಿದ್ದಲ್ಲ.

ಊರಿಗೆ ಹೊಸಬ | ಜುಲೈ 9

ಕ್ಷಮಿಸಿ, ಇದು ಅತಿಯಾಯಿತು. ಬೊಗಳಿದ ನಾಯಿಗೆ ಮೀನು ಕೊಟ್ಟರೆ ಜಾಸ್ತಿ ಬೊಗಳೋದಿಲ್ವಾ? ಮನೆಯಲ್ಲಿ ಯಜಮಾನ ಯಾರು ಅಂತ ನಾಯಿಗೆ ಗೊತ್ತಿರಬೇಕು. ನಮ್ಮ ತಾತ ಹನ್ನೆರಡು ನಾಯಿ ಸಾಕಿದ್ದರು, ಒಂದಕ್ಕೂ ಟ್ರೀಟ್ ಕೊಟ್ಟವರಲ್ಲ.

ಸುರತ್ಕಲ್ ಸ್ಕೂಟರ್ | ಜುಲೈ 9

ನಿಮ್ಮ ತಾತನ ನಾಯಿಗಳಿಗೆ ಲೀಶೂ ಇರಲಿಲ್ಲ, ಹತ್ತು ಅಡಿ ಓಣಿಯೂ ಇರಲಿಲ್ಲ ಅಲ್ವಾ ಸರ್? ತೋಟದಲ್ಲಿ ಬಿಟ್ಟ ನಾಯಿಗೆ ಸಿಟ್ಟು ಬಂದರೆ ಆಚೆ ಹೋಗುತ್ತದೆ. ಇದು ಎಲ್ಲಿಗೆ ಹೋಗಬೇಕು?

ದನದ ಡಾಕ್ಟ್ರು | ಜುಲೈ 10

ಹೊಸಬರ ಪ್ರಶ್ನೆ ಸಮ ಉಂಟು. ನಾನು ಮೂವತ್ತು ವರ್ಷ ಹಳ್ಳಿಯಲ್ಲಿ ದನ ನೋಡಿದವ, ನಾನೂ ಹಾಗೆಯೇ ಅಂದುಕೊಂಡಿದ್ದೆ.

ಈ ಯಜಮಾನಿಕೆಯ ಮಾತಿನ ಮೂಲ ತೋಳ. ಬೇರೆ ಬೇರೆ ಕಡೆಯ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿ ಹಾಕಿ ನೋಡಿದಾಗ ಕಂಡ ಜಗಳ ಅದು. 1947ರಲ್ಲಿ ಶೆಂಕೆಲ್ ಎಂಬವರು ಬರೆದದ್ದು. ಕಾಡಿನ ತೋಳದ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು, ನಮ್ಮ ಮನೆಗಳ ಹಾಗೆ. ಡೇವಿಡ್ ಮೆಕ್ ಎಂಬ ತೋಳ ತಜ್ಞರು ಮೊದಲು ತಾವೂ "ಆಲ್ಫಾ", ಅಂದರೆ ಗುಂಪಿನ ಯಜಮಾನ, ಎಂಬ ಪದ ಬಳಸಿದವರು. 1999ರಲ್ಲಿ ಅದು ಸರಿಯಲ್ಲ ಎಂದು ತಾವೇ ಬರೆದರು. ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ ಖಂಡಿತವಾಗಿ ಹೇಳಿದೆ, ಕಚ್ಚುವ ನಾಯಿಗೂ ನೋವು ಕೊಟ್ಟು ಕಲಿಸಬೇಡಿ ಎಂದು.

ಇನ್ನು ಮೀನು ಕೊಟ್ಟರೆ ಬೊಗಳುವುದು ಜಾಸ್ತಿ ಆಗುವುದಿಲ್ಲವೇ? ಇಲ್ಲ, ಯಾಕೆಂದರೆ ಬೊಳ್ಳಿ ಬೊಗಳುವುದು ಏನನ್ನೋ ಪಡೆಯಲಿಕ್ಕೆ ಅಲ್ಲ. ಹೆದರಿ. ಕತ್ತಲಿಗೆ ಹೆದರಿ ಅಳುವ ಮಗುವಿಗೆ ಬೆಲ್ಲ ಕೊಟ್ಟರೆ ಅದು ಹೆದರುವುದನ್ನು ಕಲಿಯುವುದಿಲ್ಲ.

ಓಣಿ ಅಕ್ಕನವರೇ, ನನ್ನದೊಂದು ಕೆಲಸ ಮೊದಲು ಮಾಡಿ. ಆ ಹಿಂಗಾಲು ಇನ್ನೂ ನೋಯುತ್ತದೆಯೋ ತೋರಿಸಿ. ಕಿವಿ ನೋಡಿಸಿ. ಈ ಮಳೆಯಲ್ಲಿ ಉಣ್ಣಿ ಕೇಳುವುದೇ ಬೇಡ, ಬೆರಳ ಸಂದು, ಕಿವಿಯ ಒಳಮಡಿಕೆ ಬಿಡಿಸಿ ನೋಡಿ. ಉಣ್ಣಿ ಜ್ವರ ಇದ್ದರೆ ಕೀಲು ನೋವು ಇರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನೋಯುವ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ.

ಕುಂಜಿಬೆಟ್ಟು | ಜುಲೈ 10

ಉಡುಪಿಯಿಂದ ಒಂದು ಸಂಕಟ. ಬಂಗುಡೆ, ಕೋಳಿ ಲಿವರ್ ಎಂದು ಎಲ್ಲರೂ ಬರೆಯುತ್ತೀರಿ. ನಮ್ಮ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ಬಿಸ್ಕತ್ತು ಕೊಟ್ಟರೆ ಮನೆಯಲ್ಲಿ ತಿನ್ನುತ್ತಾನೆ, ರಸ್ತೆಯಲ್ಲಿ ಮೂಸಿಯೂ ನೋಡುವುದಿಲ್ಲ.

ಎರಡು ನಾಯಿ ಒಂದು ಬೆಕ್ಕು | ಜುಲೈ 10

ಪನೀರ್ ಕೊಟ್ಟು ನೋಡಿದ್ದೀರಾ? ತೆಂಗಿನಕಾಯಿಯ ಸಣ್ಣ ಚೂರಿಗೂ ಕೆಲವು ನಾಯಿಗಳು ಪ್ರಾಣ ಬಿಡುತ್ತವೆ, ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ ಅಷ್ಟೇ. ಬೇಯಿಸಿದ ಗೆಣಸೂ ಆಗುತ್ತದೆ. ಆದರೆ ಹೊರಗಿನ ಹೆದರಿಕೆಗೆ ಹೊರಗಿನ ತಿಂಡಿಯೇ ಬೇಕು. ಮನೆಯಲ್ಲಿ ದಿನಾ ಸಿಗುವುದನ್ನು ರಸ್ತೆಯಲ್ಲಿ ಕೊಟ್ಟರೆ ಅದಕ್ಕೆ ಬೆಲೆ ಇಲ್ಲ. ಪನೀರನ್ನು ವಾಕಿಂಗ್‌ಗೆ ಮಾತ್ರ ಇಡಿ.

ಎಲ್ಲರಿಗೂ ಒಂದು ಮಾತು: ಒಣಮೀನು ಬೇಡ, ಉಪ್ಪು ವಿಪರೀತ. ಒಣದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಈರುಳ್ಳಿ ಹಾಕಿದ ಸಾರಿನ ಕೋಳಿಯನ್ನು ತೊಳೆದು ಕೊಡುತ್ತೇವೆ ಎನ್ನುವವರಿದ್ದಾರೆ. ಅದೂ ಬೇಡ.

ಬಿಜೈ ಓಣಿ | ಜುಲೈ 13

ಡಾಕ್ಟ್ರೆ, ನಿಮ್ಮ ಮಾತು ಕೇಳಿ ತೋರಿಸಿದೆ. ಕಾಲು ಗುಣವಾಗಿದೆ. ಕಿವಿಯಲ್ಲಿ ಸೋಂಕು ಇತ್ತು! ಎರಡು ವಾರ ಔಷಧಿ. ಅಲ್ಲಿಯ ತನಕ ರಸ್ತೆಗೆ ಹೋಗುವುದೇ ಬೇಡ ಎಂದು ತೀರ್ಮಾನ ಮಾಡಿದ್ದೇನೆ. ಆದರೆ ನಾಯಿಗೆ ವಾಕಿಂಗ್ ಇಲ್ಲದಿದ್ದರೆ ಪಾಪ ಅಲ್ವಾ?

ಎರಡು ನಾಯಿ ಒಂದು ಬೆಕ್ಕು | ಜುಲೈ 13

ಏನೂ ಪಾಪ ಇಲ್ಲ. ದಿನಾ ಎರಡು ಹೊತ್ತು ಹೆದರಿಸಿ ಕರೆತರುವುದೇ ಪಾಪ. ಅಂಗಳದಲ್ಲಿ ಒಂದು ಹಿಡಿ ಊಟ ಚೆಲ್ಲಿ, ಮೂಸಿ ಹುಡುಕಲಿ. ಹಳೆಯ ಗೋಣಿಯೊಳಗೆ ಸುತ್ತಿಡಿ. ಹತ್ತು ನಿಮಿಷ ಮೂಸಿದರೆ ನಾಯಿಗೆ ಸುಸ್ತಾಗುತ್ತದೆ, ನಂಬಿ.

ಈ ಎರಡು ವಾರದಲ್ಲಿ ಒಂದೇ ಒಂದು ವಿಷಯ ಕಲಿಸಿ. ಒಂದು ಪದ ಹೇಳಿದರೆ ತಿರುಗಿ ನಿಮ್ಮ ಜೊತೆ ವಾಪಸ್ ನಡೆಯುವುದು. ಮೊದಲು ಅಡುಗೆಮನೆಯಲ್ಲಿ, ಆಮೇಲೆ ಅಂಗಳದಲ್ಲಿ, ಕೊನೆಗೆ ಗೇಟಿನ ಹತ್ತಿರ. ಪದ ಹೇಳಿ, ನೀವು ತಿರುಗಿ, ಅವಳು ಬಂದಾಗ ಚೂರನ್ನು ನಿಮ್ಮ ಮೊಣಕಾಲಿನ ಪಕ್ಕ ಕೊಡಿ. ಮುಂದೆ ಚಾಚಿ ಕೊಟ್ಟರೆ ಮುಂದೆಯೇ ನಡೆಯುತ್ತಾಳೆ. ದಿನಕ್ಕೆ ಹತ್ತು ಸಲ ಸಾಕು, ನಗುತ್ತಾ. ರಸ್ತೆಯಲ್ಲಿ ನಾಯಿ ಎದುರಾದಾಗ ಈ ಪದ ಬೇಕಾಗುವುದು. ಆಗ ಕಲಿಸಲು ಹೊರಟರೆ ಆಗುವುದಿಲ್ಲ.

ಮತ್ತೆ ಕೈ. ಲೀಶನ್ನು ಅಂಗೈಗೆ ಸುತ್ತಬೇಡಿ, ಬೆರಳು ಮುರಿಯುತ್ತದೆ. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ ಮುಷ್ಟಿ ಹಿಡಿಯಿರಿ, ಇನ್ನೊಂದು ಕೈ ನಡುವೆ. ಆರಡಿ ಲೀಶು ಸಾಕು, ಗುಂಡಿ ಒತ್ತಿದರೆ ಉದ್ದವಾಗುವುದು ಬೇಡ. ಹಗ್ಗ ಸ್ವಲ್ಪ ಜೋತಿರಬೇಕು. ನಾಯಿ ಕಂಡ ಕೂಡಲೇ ನಾವು ಗೊತ್ತಿಲ್ಲದೆಯೇ ಬಿಗಿ ಹಿಡಿಯುತ್ತೇವೆ. ಉಸಿರೂ ಹಿಡಿಯುತ್ತೇವೆ. ಅವಳಿಗೆ ಅದೇ ಸೈರನ್.

ಸುರತ್ಕಲ್ ಸ್ಕೂಟರ್ | ಜುಲೈ 13

ಪದ ಯಾವುದಿಡ್ತೀರಿ ಅಕ್ಕ? ನಮ್ಮಲ್ಲಿ ಗಂಡ ಹೆಂಡತಿ ತುಳುವಿನಲ್ಲಿ ಜಗಳ, ಮಕ್ಕಳಿಗೆ ಕನ್ನಡ, ನಾಯಿಗೆ ಮಾತ್ರ ಇಂಗ್ಲಿಷು. ಸಿಟ್, ಕಮ್, ನೋ. ಮನೆಯಲ್ಲಿ ಅತ್ಯಂತ ಓದಿದವ ನಾಯಿಯೇ.

ಬಿಜೈ ಓಣಿ | ಜುಲೈ 13

"ಬಲ ಬಲ." ತುಳುವಿನಲ್ಲಿ ಬಾ ಬಾ ಎಂದು. ಅತ್ತೆಗೂ ಬಾಯಿಗೆ ಬರುವ ಪದ ಬೇಕಲ್ಲ.

ಮಲ್ಪೆ ಮರಳು | ಜುಲೈ 15

ಬೀಚಿಗೆ ಕರೆದುಕೊಂಡು ಹೋಗಿ, ಅಲ್ಲಿ ಜಾಗ ಎಷ್ಟು ಬೇಕಾದರೂ ಉಂಟು.

ಕುಂಜಿಬೆಟ್ಟು | ಜುಲೈ 15

ದಯವಿಟ್ಟು ಬೇಡ. ನಾನು ಆ ತಪ್ಪು ಮಾಡಿದ್ದೇನೆ. ಬೀಚಿನಲ್ಲಿ ಜಾಗ ಉಂಟು, ಆದರೆ ಆ ಜಾಗಕ್ಕೆ ಮಾಲೀಕರೂ ಉಂಟು. ಐದು ನಾಯಿ ಸಾಲಾಗಿ ಬಂದವು, ಮರೆ ಹೋಗಲು ಒಂದು ಮರ ಇರಲಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಗದ್ದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಆದ ಮೇಲೆ ಅಜ್ಜಿ ಮನೆಯ ಬೈಲಿಗೆ ಕರೆದುಕೊಂಡು ಹೋದೆ. ಆ ತುದಿಯಲ್ಲಿ ಒಂದು ನಾಯಿ, ಈ ತುದಿಯಲ್ಲಿ ನಾವು, ನಡುವೆ ಕೊಕ್ಕರೆಗಳು. ಇವನು ಮೊದಲ ಸಲ ಇನ್ನೊಂದು ನಾಯಿಯನ್ನು ನೋಡಿ ಆಕಳಿಸಿದ. ಈಗ ನಾಟಿ ಆಗಿದೆಯಲ್ಲ, ಗದ್ದೆಗೆ ಇಳಿದರೆ ಗದ್ದೆಯವರು ನಿಮ್ಮನ್ನೇ ಅಟ್ಟಿಸಿಕೊಂಡು ಬರುತ್ತಾರೆ.

ಬಿಜೈ ಓಣಿ | ಆಗಸ್ಟ್ 5

ಮೊದಲ ವರದಿ. ಕಿವಿ ಗುಣವಾಯಿತು. "ಬಲ ಬಲ" ಅಂದರೆ ಬಾಲ ಅಲ್ಲಾಡಿಸಿ ತಿರುಗುತ್ತಾಳೆ. ಅತ್ತೆ ಪೂಜೆಗೆ ಹೂ ಕೊಯ್ಯುವಾಗ ಬೆಕ್ಕನ್ನು ಕರೆದರೂ ಇವಳೇ ಓಡುತ್ತಾಳೆ.

ಬೆಳಿಗ್ಗೆ ಐದೂವರೆಗೆ ಗೇಟಿನ ಹೊರಗೆ ಹತ್ತು ಹೆಜ್ಜೆ, ವಾಪಸ್. ಒಂದು ವಾರ ಅಷ್ಟೇ. ನಿನ್ನೆ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಬೀದಿ ನಾಯಿ ಎದ್ದು ಮೈ ಕೊಡವಿತು. ನಡುವೆ ನಲವತ್ತು ಹೆಜ್ಜೆ ಇರಬಹುದು. ಬೊಳ್ಳಿಯ ಕಿವಿ ಮುಂದಕ್ಕೆ ಬಂತು, ಬಾಯಿ ಮುಚ್ಚಿತು, ಬೆನ್ನಿನ ಕೂದಲು ಎದ್ದಿತು. ನಾನು ಉಸಿರು ಬಿಟ್ಟೆ. ಬೇಕೆಂದೇ ಜೋರಾಗಿ ಬಿಟ್ಟೆ. ಅವಳು ಒಮ್ಮೆ ಮೂಗು ನೆಕ್ಕಿಕೊಂಡು ನನ್ನ ಕೈ ನೋಡಿದಳು. ಚೂರು ಕೊಟ್ಟೆ, ಮೆಲ್ಲಗೆ ತೆಗೆದುಕೊಂಡಳು. "ಬಲ ಬಲ" ಅಂದೆ, ಮನೆಗೆ ಬಂದೆವು. ಒಳಗೆ ಬಂದು ನಾನು ಅತ್ತದ್ದು ಬೇರೆ ವಿಷಯ.

ಈಗ ಹೊಸ ತಲೆಬಿಸಿ. ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟುಗಳಿಗೆ ರಜೆ ಅಲ್ವಾ, ಮೀನಿನವರು ಅಪರೂಪಕ್ಕೆ ಬರುತ್ತಿದ್ದರು. ಆಗಸ್ಟ್ 1ರಿಂದ ಬೋಟು ಕಡಲಿಗೆ ಇಳಿದವು. ಈಗ ದಿನಾ ಏಳು ಗಂಟೆಗೆ ಸ್ಕೂಟರಿನ ಪೋಂ ಪೋಂ. ಆ ಹಾರ್ನಿಗೆ ಬೊಳ್ಳಿ ಗೋಡೆ ಹತ್ತುತ್ತಾಳೆ.

ದನದ ಡಾಕ್ಟ್ರು | ಆಗಸ್ಟ್ 5

ಇದಕ್ಕಿಂತ ಸುಲಭದ್ದು ನಿಮಗೆ ಸಿಗುವುದಿಲ್ಲ! ಹೆದರಿಸುವವರ ಬುಟ್ಟಿಯಲ್ಲೇ ಟ್ರೀಟ್ ಉಂಟು. ಅವರ ಹತ್ತಿರ ಮಾತಾಡಿ. ದೂರದಲ್ಲಿ ಒಮ್ಮೆ ಹಾರ್ನ್ ಹೊಡೆಯಲಿ, ಕೂಡಲೇ ನೀವು ಬೇಯಿಸಿದ ಮೀನಿನ ಚೂರು ಕೊಡಿ. ಕ್ರಮ ಮುಖ್ಯ. ಮೊದಲು ಹಾರ್ನ್, ಆಮೇಲೆ ಮೀನು. ಉಲ್ಟಾ ಮಾಡಿದರೆ ಮೀನು ಕಂಡರೂ ಹೆದರುವ ನಾಯಿಯಾದೀತು, ಕರಾವಳಿಯಲ್ಲಿ ಅದಕ್ಕಿಂತ ಅವಮಾನ ಬೇಡ.

ಬಿಜೈ ಓಣಿ | ಆಗಸ್ಟ್ 24

ಡಾಕ್ಟ್ರೆ, ಸಾಷ್ಟಾಂಗ.

ಮೀನಿನವರಿಗೆ ಹೇಳಿದಾಗ ಮೊದಲು ನಕ್ಕರು. ಆಮೇಲೆ ಅವರೇ ಉತ್ಸಾಹದಿಂದ ತಿರುವಿನಲ್ಲಿ ನಿಲ್ಲಿಸಿ, ಬೆರಳೆತ್ತಿ ತೋರಿಸಿ, ಹಾರ್ನ್ ಹೊಡೆಯತೊಡಗಿದರು. ದಿನಾ ಒಂದು ವಿದ್ಯುತ್ ಕಂಬದಷ್ಟು ಹತ್ತಿರ. ಹನ್ನೆರಡನೆಯ ದಿನ ನಾನು ಸ್ನಾನಕ್ಕೆ ಹೋಗಿದ್ದೆ. ಹಾರ್ನ್ ಕೇಳಿತು, ಬೊಗಳುವುದು ಕೇಳಲಿಲ್ಲ. ಓಡಿ ಬಂದು ನೋಡಿದರೆ ಬೊಳ್ಳಿ ಬಚ್ಚಲಿನ ಬಾಗಿಲಲ್ಲಿ ಕೂತಿದ್ದಾಳೆ, ಬಾಯಲ್ಲಿ ನೀರು. ಮೀನಿನವರು ಈಗ ಅವಳ ಹೆಸರಿನಲ್ಲಿ ಎರಡು ಬೂತಾಯಿ ಮೀನು ಬೇರೆ ಇಡುತ್ತಾರೆ. ಬಿಲ್ ನನಗೆ.

ದನದ ಡಾಕ್ಟ್ರು | ಆಗಸ್ಟ್ 24

ಸದ್ದು ಕೇಳಿದರೆ ನಾಯಿಯ ಬಾಯಲ್ಲಿ ನೀರು ಬರುವ ಹಾಗೆ ಮಾಡಿ ತೋರಿಸಿದ ವಿಜ್ಞಾನಿ ಪಾವ್ಲೋವ್. ಅವರಿಗೆ 1904ರಲ್ಲಿ ನೊಬೆಲ್ ಸಿಕ್ಕಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಿಮ್ಮ ಮೀನಿನವರಿಗೂ ಏನಾದರೂ ಕೊಡಬೇಕು.

ಊರಿಗೆ ಹೊಸಬ | ಆಗಸ್ಟ್ 25

ಒಂದು ಪ್ರಶ್ನೆ, ಜಗಳಕ್ಕಲ್ಲ. ಬೀದಿ ನಾಯಿ ತಾವಾಗಿಯೇ ಮೈಮೇಲೆ ಬಂದರೆ? ನಮ್ಮದು ಕಟ್ಟಿದೆ, ಅವು ಬಿಟ್ಟಿವೆ. ನಿನ್ನೆ ನಮ್ಮ ಕಾವೂರಿನಲ್ಲಿ ಹಾಗೇ ಆಯಿತು. ನಮ್ಮವನು ಗಾಬರಿಯಲ್ಲಿ ತಿರುಗಿ ನನ್ನ ಮೀನಖಂಡಕ್ಕೇ ಬಾಯಿ ಹಾಕಿದ. ಸಣ್ಣ ಗೀರು.

ದನದ ಡಾಕ್ಟ್ರು | ಆಗಸ್ಟ್ 25

ಮೊದಲು ಗೀರು. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ತೊಳೆದಿಲ್ಲವಾದರೆ ಈಗಲೇ, ಇದನ್ನು ಓದುವುದು ನಿಲ್ಲಿಸಿ. ಅರಿಶಿನ, ಸುಣ್ಣ ಹಚ್ಚಬೇಡಿ. ಸಾಕಿದ ನಾಯಿ, ಇಂಜೆಕ್ಷನ್ ಆಗಿದೆ ಎಂದು ಕೂರಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಲಸಿಕೆ ಬೇಕೋ ಎಂದು ಅವರು ಹೇಳಲಿ. ರೇಬಿಸ್ ಬಂದ ಮೇಲೆ ಔಷಧಿ ಇಲ್ಲ.

ಅವನು ಸಿಟ್ಟಿನಲ್ಲಿ ಕಚ್ಚಿದ್ದಲ್ಲ. ಮುಂದಿನದಕ್ಕೆ ಬಾಯಿ ಎಟುಕದಾಗ ಪಕ್ಕದಲ್ಲಿ ಸಿಕ್ಕಿದ್ದನ್ನು ಕಚ್ಚುತ್ತವೆ. ಅಂಥವರಿಗೆ ಬಾಯಿಕುಕ್ಕೆ ಅಭ್ಯಾಸ ಮಾಡಿಸಿ. ಬಟ್ಟೆಯ ಪಟ್ಟಿ ಬೇಡ, ಬುಟ್ಟಿಯ ಹಾಗಿರುವುದು. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುವುದು. ನಮ್ಮ ಸೆಕೆಗೆ ಬಾಯಿ ಬಿಗಿದರೆ ಕೆಟ್ಟಿತು. ಒಳಗೆ ಸ್ವಲ್ಪ ಮೊಸರು ಸವರಿ ಹಿಡಿಯಿರಿ, ಮೂತಿ ಅವನೇ ಹಾಕಲಿ. ಪಟ್ಟಿ ಕಟ್ಟುವುದು ಒಂದೆರಡು ವಾರ ಬಿಟ್ಟು.

ಎರಡು ನಾಯಿ ಒಂದು ಬೆಕ್ಕು | ಆಗಸ್ಟ್ 25

ಬೀದಿ ನಾಯಿ ಬಂದರೆ ಓಡಬೇಡಿ. ನಿಮ್ಮ ನಾಯಿಯನ್ನು ಹಿಂದೆ ಹಾಕಿ, ನೀವು ನಡುವೆ ನಿಲ್ಲಿ. ಒಂದು ಹಿಡಿ ಬಿಸ್ಕತ್ತು ಅವುಗಳ ಮೂತಿಯ ಕಡೆ ಎಸೆದು, ಬಳಸಿಕೊಂಡು ಹೋಗಿ. ಮಳೆಗಾಲದಲ್ಲಿ ಕೊಡೆ ಫಟ್ ಎಂದು ಬಿಚ್ಚಿದರೂ ನಿಲ್ಲುತ್ತವೆ. ಆದರೆ ಆ ಕೊಡೆಯನ್ನು ನಿಮ್ಮ ನಾಯಿಗೆ ಮನೆಯಲ್ಲೇ ಮೊದಲು ಪರಿಚಯ ಮಾಡಿಸಿ.

ಕಲ್ಲು ಎತ್ತುವ ಹಾಗೆ ಬಗ್ಗಿದರೆ ಬೀದಿ ನಾಯಿ ಓಡುತ್ತವೆ, ಎಲ್ಲರಿಗೂ ಗೊತ್ತು. ನಾನೂ ಒಮ್ಮೆ ಬಗ್ಗಿದೆ. ಎದುರಿನವು ಓಡಿದವು. ಹಿಂದೆ ತಿರುಗಿ ನೋಡಿದರೆ ನನ್ನ ದೊಡ್ಡವ ಹೊಟ್ಟೆ ನೆಲಕ್ಕೆ ಒತ್ತಿ ಮಲಗಿದ್ದ. ಅವನೂ ಅದೇ ಬೀದಿಯಿಂದ ಬಂದವನಲ್ಲವೇ. ಆಮೇಲೆ ನಾನು ಬಗ್ಗಿಲ್ಲ.

ಮತ್ತೆ, ನಿಮ್ಮ ತಿರುವಿನ ನಾಯಿಗಳು ಎಲ್ಲಿಗೂ ಹೋಗುವುದಿಲ್ಲ. ಸಂತಾನಹರಣ ಮಾಡಿದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು ಎಂದು 2023ರ ನಿಯಮವೇ ಹೇಳುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಆಪರೇಶನ್ ಆಗಿದೆ ಎಂದು ಅರ್ಥ. ನಿಮ್ಮ ನಾಯಿ ಇಲ್ಲದಾಗ ನೀವೊಬ್ಬರೇ ಹೋಗಿ ಅವುಗಳ ಪರಿಚಯ ಮಾಡಿಕೊಳ್ಳಿ.

ಊರಿಗೆ ಹೊಸಬ | ಆಗಸ್ಟ್ 26

ಆಸ್ಪತ್ರೆಗೆ ಹೋಗಿ ಬಂದೆ. ಥ್ಯಾಂಕ್ಸ್ ಡಾಕ್ಟರ್. ಬಾಯಿಕುಕ್ಕೆ ನಮ್ಮೂರಲ್ಲಿ ಎತ್ತಿಗೆ ಹಾಕೋದು, ನಾಯಿಗೂ ಅಂತ ಈಗ ಗೊತ್ತಾಯ್ತು.

ಬಿಜೈ ಓಣಿ | ಅಕ್ಟೋಬರ್ 24

ತುಂಬಾ ದಿನ ಆಯಿತು ಬರೆಯದೆ. ಮಾರ್ನೆಮಿಯಲ್ಲಿ, ಅಂದರೆ ನವರಾತ್ರಿಯಲ್ಲಿ, ಎಲ್ಲ ತಲೆಕೆಳಗಾಯಿತು. ನಮ್ಮ ಓಣಿಗೆ ಹುಲಿವೇಷದ ಮೂರು ತಂಡ ಬಂದವು. ತಾಸೆ ವಾದ್ಯದ ಸದ್ದಿಗೆ ಬೊಳ್ಳಿ ಮಂಚದ ಕೆಳಗೆ, ಜೊತೆಗೆ ನಾನೂ ಅರ್ಧ ಮೈ ಮಂಚದ ಕೆಳಗೆ. ಮೂರು ದಿನ ವಾಕಿಂಗ್ ಇಲ್ಲ, ಕಿಟಕಿ ಮುಚ್ಚಿ ಫ್ಯಾನ್ ಜೋರು. ಆಮೇಲೆ ಹೊರಗೆ ಹೋದರೆ ನಲವತ್ತು ಹೆಜ್ಜೆಯಲ್ಲಿ ಆಗುತ್ತಿದ್ದದ್ದು ಎಂಬತ್ತಕ್ಕೂ ಆಗಲಿಲ್ಲ. ಒಂದು ವಾರ ಮತ್ತೆ ಗೇಟಿನಿಂದ ಹತ್ತು ಹೆಜ್ಜೆ.

ಕುಂಜಿಬೆಟ್ಟು | ಅಕ್ಟೋಬರ್ 24

ನಮಗೆ ಕೃಷ್ಣಾಷ್ಟಮಿಗೇ ಹುಲಿ ಶುರು, ಮರುದಿನದ ವಿಟ್ಲಪಿಂಡಿ ಅಂತೂ ಕೇಳಬೇಡಿ. ದೀಪಾವಳಿ ಮುಂದೆ ಉಂಟು. ಪಟಾಕಿಯ ಹೆದರಿಕೆ ಜಾಸ್ತಿ ಇದ್ದರೆ ಈಗಲೇ ವೆಟ್ ಹತ್ತಿರ ಮಾತಾಡಿ, ಅದಕ್ಕೆ ಮಾತ್ರೆ ಉಂಟು. ಹಬ್ಬದ ದಿನ ಓಡಿದರೆ ಯಾರೂ ಸಿಗುವುದಿಲ್ಲ.

ಬಿಜೈ ಓಣಿ | ಅಕ್ಟೋಬರ್ 24

ಆಯ್ತು, ನಾಳೆಯೇ ಹೋಗುತ್ತೇನೆ.

ಇವತ್ತಿನದ್ದು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಬಂದೆವು. ಇನ್ನೂರು ಮೀಟರ್ ಇರಬಹುದು, ಇಪ್ಪತ್ತೈದು ನಿಮಿಷ ಹಿಡಿಯಿತು. ಪ್ರತಿ ಕಲ್ಲು, ಪ್ರತಿ ದಾಸವಾಳದ ಬುಡ ಮೂಸಿದಳು, ನಾನು ಅವಸರ ಮಾಡಲಿಲ್ಲ. ಮೂರು ಬೀದಿ ನಾಯಿಗಳಲ್ಲಿ ಒಂದು ಮಲಗಿದಲ್ಲಿಂದಲೇ ತಲೆ ಎತ್ತಿತು. ಅದರ ಹೆಸರು ಈಗ ನನಗೆ ಗೊತ್ತು, ಬಾಯಮ್ಮ ಅದಕ್ಕೆ ರಾತ್ರಿ ಅನ್ನ ಹಾಕುತ್ತಾರೆ, ರಾಜ ಎಂದು ಕರೆಯುತ್ತಾರೆ. ಬೊಳ್ಳಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಚೂರು ತಿಂದು ಚರಂಡಿ ಮೂಸಲು ಹೋದಳು.

ಪೊಮೇರಿಯನ್ ಗೇಟಿನ ಎದುರು ಮಾತ್ರ ಇನ್ನೂ ಆಗುವುದಿಲ್ಲ ಮಾರಾಯ್ರೆ. ಅಲ್ಲಿ ಹಿತ್ತಿಲಿನ ಚಿಕ್ಕ ಗೇಟಿನಿಂದ ಹೊರಟು ಸುತ್ತಿ ಹೋಗುತ್ತೇವೆ. ಏಳಕ್ಕೆ ಮೊದಲು ವಾಪಸ್ ಬಂದಿರಬೇಕು, ಮೀನಿನ ಹಾರ್ನ್ ಕೇಳಿದರೆ ಬೊಳ್ಳಿ ಮನೆಗೆ ಬರುವುದೇ ಇಲ್ಲ.